ಮೂರೂಕಾಲು ಗಂಟೆಯ ನಿದ್ದೆ

ಪ್ರೀತಿಯ ಮಾವ,

ಒಂದೇ ಸೂರಿನಡಿ ಇರುವವರು ಒಬ್ಬರಿಗೊಬ್ಬರು ಪತ್ರ ಬರೆಯುವ ಸಂದರ್ಭವೇ ಬರುವುದಿಲ್ಲ. ಊಟಕ್ಕೆ ಬನ್ನಿ, ಮಾತ್ರೆ ತಗೊಂಡ್ರಾ, ಬಿಸಿನೀರು ಕಾದಿದೆ. ನಮ್ಮಿಬ್ಬರ ಮಾತು ಇಷ್ಟು ವರ್ಷ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ನೀವು ಮಗಳ ಹೊಸ ಮನೆಯ ಕಪಾಟು, ಕಿಟಕಿ ಎಲ್ಲ ಸರಿಮಾಡಿಕೊಡುತ್ತೇನೆಂದು ಸುತ್ತಿಗೆ, ಸ್ಕ್ರೂಡ್ರೈವರು ಕಟ್ಟಿಕೊಂಡು ಹೋಗಿದ್ದೀರಿ. ಹೊರಟ ದಿನ ರೈಲು ಬರುವ ಮೊದಲು ಇದ್ದಕ್ಕಿದ್ದಂತೆ ಕೇಳಿದಿರಿ, "ಅವತ್ತು ಥಿಯೇಟರಲ್ಲಿ ನನ್ನನ್ನ ಯಾಕಮ್ಮ ಎಬ್ಬಿಸ್ಲಿಲ್ಲ?" ಅಂತ. "ಏನೋ ಮಾವ, ಎಬ್ಬಿಸ್ಬೇಕು ಅನ್ನಿಸ್ಲಿಲ್ಲ" ಎಂದು ಚೀಲ ಎತ್ತಿಕೊಟ್ಟೆ. ಅಷ್ಟರಲ್ಲಿ ರೈಲು ಬಂತು. ಎದುರಿಗೆ ಕೂತು ಹೇಳೋಣವೆಂದರೆ ನನಗೆ ನಾಲಿಗೆ ಏಳುವುದಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀವು "ಆಯ್ತು ಆಯ್ತು, ಇಡ್ತೀನಿ" ಅನ್ನುತ್ತೀರಿ. ಹಾಗಾಗಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಅತ್ತೆ ಹೋದ ಮೇಲೆ ನಾವೆಲ್ಲ ಸೇರಿ ನಿಮಗಾಗಿ ಮನೆಯನ್ನು ಸದ್ದಿಲ್ಲದಂತೆ ಮಾಡಿದೆವು. ಹಜಾರದ ಕಿಟಕಿಯ ಕೆಳಗೆ ಇದ್ದ ಅತ್ತೆಯ ಹೊಲಿಗೆ ಮಿಷನ್ನು ನಿಮ್ಮ ಕಣ್ಣಿಗೆ ಬಿದ್ದರೆ ನೋವಾಗುತ್ತದೆಂದು ಮೂಲೆಗೆ ಸರಿಸಿ ಮೇಲೊಂದು ಹಳೇ ಚಾದರ ಹೊದಿಸಿದೆವು. ಅದರ ಪಕ್ಕದಲ್ಲೇ ಇದ್ದ ನಿಮ್ಮ ಮಂಚವನ್ನು ಹಿಂದಿನ ಕೋಣೆಗೆ ಹಾಕಿದೆವು. ಅಲ್ಲಿ ರಸ್ತೆಯ ಗದ್ದಲ ಇಲ್ಲ, ಮಿಕ್ಸಿಯ ಸದ್ದು ಇಲ್ಲ, ಚೆನ್ನಾಗಿ ನಿದ್ದೆ ಬರುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ನಿಮ್ಮ ಮಗನಂತೂ ತಮ್ಮ ಎಲೆಕ್ಟ್ರಿಷಿಯನ್ ಬುದ್ಧಿಯೆಲ್ಲ ಖರ್ಚುಮಾಡಿ ಕರೆಗಂಟೆಯ ದನಿಯನ್ನು ಸೊಳ್ಳೆ ಗುಂಯ್ಗುಟ್ಟುವಷ್ಟಕ್ಕೆ ಇಳಿಸಿದರು, ಬಾಗಿಲುಗಳ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದರು. "ಶ್" ಎಂಬುದೇ ಮನೆಯ ಮಾತಾಯಿತು. ನಿಮ್ಮ ಮೊಮ್ಮಗಳಿಗೆ ಗಿಣಿ ಎಂದು ಹೆಸರಿಟ್ಟವರು ನೀವೇ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ ಅಂತ. ಆ ಗಿಣಿ ಒಂದು ದಿನ ಕಾಲ್ಬೆರಳನ್ನು ಬಾಗಿಲಿಗೆ ಬಡಿದುಕೊಂಡು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಸದ್ದೇ ಬರದಂತೆ ಅತ್ತಳು. ಎಷ್ಟು ಜಾಣೆ ನನ್ನ ಮಗಳು ಎಂದು ಅವತ್ತು ನಾನು ಹೆಮ್ಮೆಪಟ್ಟಿದ್ದೆ.

ಆಮೇಲೆ ನೀವು ಒಂದೊಂದೇ ತಪ್ಪು ಮಾಡಲು ಶುರುಮಾಡಿದಿರಿ. ಪೇಪರನ್ನು ಫ್ರಿಜ್ಜಿನಲ್ಲಿ ಮಡಚಿಟ್ಟಿರಿ. ಗಿಣಿಯನ್ನು ನಿಮ್ಮ ಮಗಳ ಹೆಸರು ಹಿಡಿದು ಕರೆದಿರಿ. ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿ, ಊರೂ ದಾಟಿ ಡಿಪೋಗೆ ಹೋದಿರಿ. ಕಂಡಕ್ಟರು ಫೋನ್ ಮಾಡಿ, "ಯಜಮಾನ್ರು ಎಲ್ಲಿ ಇಳೀಬೇಕು ಅಂತ ಕೇಳಿದ್ರೆ ಸುಮ್ನೆ ನೋಡ್ತಾರಮ್ಮ" ಎಂದಾಗ ನಾನು ಆಟೋ ಹಿಡಿದು ಓಡಿಬಂದೆ. ಮಾತನಾಡುತ್ತಿರುವಾಗಲೇ ನಿಮ್ಮ ಕಣ್ಣು ಎಲ್ಲೋ ಹೋಗಿಬಿಡುತ್ತಿತ್ತು. ಡಾಕ್ಟರಿಗೆ ಹೇಳಿದೆವು. ಮರೆವಿನ ಕಾಯಿಲೆ ಹೀಗೇ ಶುರುವಾಗುವುದುಂಟು, ಪರೀಕ್ಷೆ ಮಾಡೋಣ ಎಂದು ಮುಂದಿನ ತಿಂಗಳಿಗೆ ದಿನ ಕೊಟ್ಟರು. ಅವತ್ತು ಮನೆಗೆ ಬಂದು ನಿಮ್ಮ ಮಗ ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೇ ಬಹಳ ಹೊತ್ತು ಕೂತಿದ್ದರು.

ನೀವು ಮಾತ್ರ ಮಧ್ಯಾಹ್ನ ಊಟ ಆಗುತ್ತಲೇ "ಲೈಬ್ರರಿಗೆ ಹೋಗ್ಬರ್ತೀನಿ" ಎಂದು ಹೊರಡುತ್ತಿದ್ದಿರಿ. ಸಂಜೆ ಬರುವಾಗ ಮುಖ ಸ್ವಲ್ಪ ತಿಳಿಯಾಗಿರುತ್ತಿತ್ತು. ಓದಿದರೆ ಒಳ್ಳೆಯದೇ ಎಂದುಕೊಂಡೆವು. ಒಂದು ದಿನ ನಾನು ಅಂಗಡಿಯಲ್ಲಿ ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತಾ ತಲೆ ಎತ್ತಿದರೆ, ಎದುರಿನ ಥಿಯೇಟರಿನ ಸಾಲಿನಲ್ಲಿ ನೀವು! ನೀಲಿ ಶರ್ಟು, ಕೈಯಲ್ಲಿ ಕೊಡೆ. ನಾನು ಕೂಗುವಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಸಿನಿಮಾ ನೋಡಿದರೇನು ತಪ್ಪು ಎಂದು ನಗುತ್ತಲೇ ಮನೆಗೆ ಬಂದೆ. ಬಂದವಳು ನಿಮ್ಮ ಕೋಣೆ ಗುಡಿಸುವಾಗ ನಿಂತುಬಿಟ್ಟೆ. ನಾನೇ ಮಾಡಿಕೊಟ್ಟ ನಿಮ್ಮ ದೂರದ ಕನ್ನಡಕ ಕಿಟಕಿಯ ಮೇಲಿತ್ತು. ಅದಿಲ್ಲದೆ ನಿಮಗೆ ಬೀದಿಯ ಆ ಬದಿಯ ಬೋರ್ಡೂ ಕಾಣುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕನ್ನಡಕವಿಲ್ಲದೆ ಯಾರಾದರೂ ಸಿನಿಮಾಕ್ಕೆ ಹೋಗುತ್ತಾರೆಯೇ?

ಥಿಯೇಟರಿನಲ್ಲಿ ಟಿಕೆಟ್ ಕೊಡುವ ಹುಡುಗಿ ಆ ವಾರ ಕನ್ನಡಕದ ತಿರುಪು ಬಿಗಿಮಾಡಿಸಿಕೊಳ್ಳಲು ಅಂಗಡಿಗೆ ಬಂದಿದ್ದಳು. ನೀಲಿ ಶರ್ಟಿನವರ ಬಗ್ಗೆ ಕೇಳಿದೆ. "ಅಯ್ಯೋ, ಕೊಡೆ ತಾತನಾ? ದಿನಾ ಬರ್ತಾರೆ ಅಕ್ಕ. ಅದೇ ಸಿನಿಮಾಗೆ. ಈ ಸಿನಿಮಾ ಬಂದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ. ಮೊದಲ ದಿನ ಒಂದೇ ಮಾತು ಕೇಳಿದ್ರು, ಎಷ್ಟು ಹೊತ್ತು ನಡೆಯುತ್ತಮ್ಮ ಅಂತ. ಮೂರೂಕಾಲು ಗಂಟೆ ಅಂದೆ. ಜನ ಎಲ್ಲ ಅದನ್ನ ಕೇಳಿ ಬಯ್ಕೊಂಡು ಹೋಗ್ತಾರೆ, ಇವರು ಒಳ್ಳೇದಾಯ್ತು ಅಂದ್ಬಿಟ್ರು!"

ದಿನವೂ ಅದೇ ಸಿನಿಮಾ, ಅದೂ ಕನ್ನಡಕವಿಲ್ಲದೆ. ನಿಮ್ಮ ಮಗನಿಗೆ ಹೇಳಿದೆ. "ನಿನ್ನೆ ನೋಡಿದ್ದು ಇವತ್ತು ನೆನಪಿರಲ್ಲ ಕಣೇ. ಅದಕ್ಕೇ ಮತ್ತೆ ಹೋಗ್ತಾರೆ" ಎಂದರು. ಹೌದಲ್ಲವೇ ಎಂದು ನನಗೂ ಅನ್ನಿಸಿತು. ನಿಮ್ಮ ಮಗಳು ಫೋನಿನಲ್ಲಿ ಅತ್ತರು, ಆಮೇಲೆ ಗಟ್ಟಿ ದನಿ ಮಾಡಿಕೊಂಡು, "ರಸ್ತೆ ದಾಟೋವಾಗ ಏನಾದ್ರೂ ಆದ್ರೆ? ಪರೀಕ್ಷೆ ಆಗೋ ತನಕ ಒಬ್ಬರೇ ಹೊರಗೆ ಬಿಡಬೇಡಿ" ಎಂದರು. ಮಾರನೇ ದಿನ ನಿಮ್ಮ ಮಗ ಗೇಟಿಗೆ ಒಂದು ಹೊಸ ಬೀಗ ತಂದರು. ಮಧ್ಯಾಹ್ನ ಕೊನೆಗೆ ಮನೆ ಬಿಡುವವಳು ನಾನು, ಆದ್ದರಿಂದ ಕೀಲಿಕೈ ನನ್ನ ಕೈಗೆ ಬಂತು. ಜೀವನವಿಡೀ ಮುದ್ರಣಾಲಯದಲ್ಲಿ ಆನೆಯಂಥ ಯಂತ್ರಗಳನ್ನು ಪಳಗಿಸಿದ ನಿಮ್ಮನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುವ ಕೈ ನನ್ನದಾಗಬೇಕು! ನಾನು ನಿಮ್ಮ ಮಗನಿಗೆ ಒಂದೇ ಮಾತು ಹೇಳಿದೆ: "ಶುರುಮಾಡೋದಕ್ಕೆ ಮೊದಲು ಒಂದು ಸಲ ನಾನು ಅವರ ಜೊತೆ ಕೂತು ಆ ಸಿನಿಮಾ ನೋಡ್ತೀನಿ. ಏನು ಮಾಡ್ತಾರೆ ನೋಡೋಣ." ಅವರು ನಂಬದವರಂತೆ ನೋಡಿದರು. "ನೀನು? ಮೂರೂಕಾಲು ಗಂಟೆ?"

ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ದಿನವಿಡೀ ನಿಂತು ಕೆಲಸ ಮಾಡುವವಳು. ಕೂತರೆ ಸೊಂಟ ಹಿಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ, ಒಲೆ ಆರಿಸಿದೆನೋ ಇಲ್ಲವೋ ಎಂದು ಮನಸ್ಸು ಮನೆಗೆ ಓಡುತ್ತದೆ. ಮದುವೆಯಾದ ಹೊಸತರಲ್ಲಿ ನಿಮ್ಮ ಮಗ ಕರೆದುಕೊಂಡು ಹೋದ ಸಿನಿಮಾಗಳನ್ನೆಲ್ಲ ನಾನು ಅರ್ಧ ನೋಡಿ, ಉಳಿದರ್ಧ ಅವರ ಬಾಯಲ್ಲಿ ಕೇಳಿ ತಿಳಿದವಳು.

ಅಂಗಡಿಯ ರಜೆಯ ದಿನ ನಿಮ್ಮ ಹಿಂದೆಯೇ ಹೊರಟೆ. ನೀವು ರಸ್ತೆ ದಾಟಿದ ರೀತಿ ನೋಡಿ ಮೊದಲ ಸಮಾಧಾನ: ಎಡಕ್ಕೆ ನೋಡಿದಿರಿ, ಬಲಕ್ಕೆ ನೋಡಿದಿರಿ, ನುಗ್ಗಿ ಬಂದ ಸ್ಕೂಟರಿನವನಿಗೆ ಕೊಡೆ ಎತ್ತಿ ಬೈದಿರಿ. ಒಳಗೆ ಜನ ಅಷ್ಟಿರಲಿಲ್ಲ. ನೀವು ನೇರ ಹೋಗಿ ಗೋಡೆಯ ಪಕ್ಕದ ಮೂಲೆಯ ಸೀಟು ಹಿಡಿದಿರಿ, ತಲೆಯ ಮೇಲೇ ದೊಡ್ಡ ಸ್ಪೀಕರು ಇರುವ ಕಡೆ. ಅಲ್ಲಿ ಯಾರೂ ಕೂರುವುದಿಲ್ಲ, ಕಿವಿ ಹರಿದುಹೋಗುತ್ತದೆ. ನಾನು ಎರಡು ಸಾಲು ಹಿಂದೆ ಕೂತೆ. ದೀಪ ಆರಿತು. ಪರದೆಯ ಮೇಲೆ ಒಂದು ಕಾರ್ಖಾನೆ, ಸೈರನ್ನು, ಜನರ ಓಡಾಟ. ಹೆಸರುಗಳಿನ್ನೂ ಬರುತ್ತಲೇ ಇದ್ದವು. ನೀವು ಕೊಡೆಯನ್ನು ಕಾಲ ಸಂದಿಗೆ ಸಿಕ್ಕಿಸಿ, ಕೈ ಕಟ್ಟಿ, ತಲೆಯನ್ನು ಗೋಡೆಗೆ ಆನಿಸಿದಿರಿ.

ನಿಮಗೇನೋ ಆಗಿಹೋಯಿತೆಂದು ನಾನು ಎದ್ದೇಬಿಟ್ಟೆ. ಹತ್ತಿರ ಬಂದು ಬಗ್ಗಿದರೆ, ಗೊರಕೆ. ಮಾವ, ನೀವು ಗೊರಕೆ ಹೊಡೆಯುತ್ತಿದ್ದಿರಿ! ಪರದೆಯ ಮೇಲೆ ಇಬ್ಬರು ಅಣ್ಣತಮ್ಮಂದಿರು ಆಸ್ತಿಗಾಗಿ ಕಾಲರು ಹಿಡಿದು ಕಿರುಚಾಡುತ್ತಿದ್ದರೆ ನೀವು ಎಳೆಮಗುವಿನಂತೆ ಮಲಗಿದ್ದಿರಿ.

ಪಕ್ಕದ ಸೀಟಿನಲ್ಲಿ ಮೆಲ್ಲಗೆ ಕೂತೆ. ಜೀಪುಗಳು ಹಾರಿದವು, ಗೋದಾಮು ಹೊತ್ತಿ ಉರಿಯಿತು, ಬಾಗಿಲುಗಳು ಮುರಿದು ಬಿದ್ದವು, ನಿಮಗೆ ಎಚ್ಚರವಿಲ್ಲ. ಆಮೇಲೆ ಒಂದು ದೃಶ್ಯ ಬಂತು. ಆಸ್ಪತ್ರೆಯಲ್ಲಿ ನಾಯಕನ ತಾಯಿ ಸಾಯುತ್ತಾಳೆ. ಸಂಗೀತವೂ ಇಲ್ಲ, ಮಾತೂ ಇಲ್ಲ. ಇಡೀ ಥಿಯೇಟರು ನಿಶ್ಶಬ್ದವಾಯಿತು. ಆಗ ನೀವು ಥಟ್ಟನೆ ಕಣ್ಣು ತೆರೆದಿರಿ. ದಿಕ್ಕು ತಪ್ಪಿದವರಂತೆ ಕತ್ತಲಲ್ಲಿ ಏನನ್ನೋ ಹುಡುಕಿದಿರಿ. ಪಕ್ಕದಲ್ಲಿದ್ದ ನಾನು ನಿಮಗೆ ಕಾಣಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಖಳನ ಲಾರಿಗಳು ಗುಡುಗುಡು ಬಂದವು, ನಿಮ್ಮ ರೆಪ್ಪೆ ಮತ್ತೆ ಮುಚ್ಚಿತು. ಈ ಸಲ ತಲೆ ಗೋಡೆಯ ಕಡೆ ಹೋಗಲಿಲ್ಲ, ನನ್ನ ಭುಜಕ್ಕೆ ಬಂತು.

ಆ ಕ್ಷಣಕ್ಕೆ ನನಗೆ ಎಲ್ಲ ತಿಳಿದುಹೋಯಿತು. ಯಂತ್ರಗಳ ನಡುವೆ ಬದುಕಿದ ಮನುಷ್ಯ. ಕೆಲಸ ಬಿಟ್ಟ ಮೇಲೆ ಅತ್ತೆಯ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಮಂಚ ಹಾಕಿಸಿಕೊಂಡು, ಆಕೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಟಕಟಕ ಕೇಳುತ್ತಲೇ ನಿದ್ದೆಹೋಗುತ್ತಿದ್ದವರು. ಅಂಥವರನ್ನು ನಾವು ಪಿಟ್ಟೆನ್ನದ ಕೋಣೆಯಲ್ಲಿ ಮಲಗಿಸಿ, ನಿದ್ದೆ ಬರಲಿ ಎಂದು ಕಾದಿದ್ದೆವು. ನಿಮಗೆ ಮರೆವಿರಲಿಲ್ಲ, ನಿದ್ದೆಯಿರಲಿಲ್ಲ, ಅಷ್ಟೇ. ಈಗ ಕೇಳಿ ನಿಮ್ಮ ಪ್ರಶ್ನೆಗೆ ಉತ್ತರ. ಅತ್ತೆ ಹೋದ ದಿನದಿಂದ ನೀವು ನೆಮ್ಮದಿಯಾಗಿ ಉಸಿರಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದನ್ನು ಕೇಳುತ್ತಾ ಕೂತುಬಿಟ್ಟೆ. ಭುಜ ಮರಗಟ್ಟಿತು, ಸೊಂಟ ಬಿದ್ದುಹೋಯಿತು, ವಿರಾಮದಲ್ಲಿ ದೀಪ ಹತ್ತಿದಾಗ ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ನಾನು ಅಲ್ಲಾಡಲಿಲ್ಲ. ಸಿನಿಮಾ ಮುಗಿಯದೇ ಇರಲಿ ಎಂದು ನನ್ನ ಜನ್ಮದಲ್ಲಿ ಬಯಸಿದ್ದು ಅದೊಂದೇ ಸಲ. ಆ ನಿರ್ದೇಶಕ ಪುಣ್ಯಾತ್ಮ, ಕೊನೆಯ ಹೊಡೆದಾಟವನ್ನೂ ಸಾಕಷ್ಟು ಎಳೆದಿದ್ದ.

ದೀಪ ಹತ್ತಿದಾಗ ನೀವು ಕಣ್ಣುಜ್ಜಿಕೊಂಡು ನನ್ನನ್ನು ನೋಡಿ ಬೆಚ್ಚಿಬಿದ್ದಿರಿ. "ನೀನಾ?" ಎಂದಿರಿ. ಆಮೇಲೆ ಕೊಡೆ ಎತ್ತಿಕೊಳ್ಳುತ್ತಾ, "ಸಿನಿಮಾ ಹೆಂಗಿತ್ತಮ್ಮ?" ಎಂದಿರಿ. ನನಗೆ ನಗು ತಡೆಯಲಾಗಲಿಲ್ಲ. ನೀವೂ ನಕ್ಕಿರಿ. ಹೊರಗೆ ಕ್ಯಾಂಟೀನಿನ ಕಟ್ಟೆಯ ಮೇಲೆ ಟೀ ಕುಡಿಯುವಾಗ ನಿಮ್ಮ ಮುಖ ಮತ್ತೆ ಬಾಡಿತು. "ಶುಕ್ರವಾರ ಇದನ್ನ ತೆಗೀತಾರಂತೆ. ಹೊಸದು ಬರೀ ಒಂದೂವರೆ ಗಂಟೇದಂತೆ. ಅದು ಯಾವ ಮೂಲೆಗೆ ಸಾಕು?" ಎಂದಿರಿ, ಅನ್ನಕ್ಕೆ ಕುತ್ತು ಬಂದವರ ಹಾಗೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಮಾವ ಎಂದು ಕೇಳಿದೆ. ಲೋಟವನ್ನು ತಿರುಗಿಸುತ್ತಾ ಹೇಳಿದಿರಿ: "ನೀವೆಲ್ಲ ನನಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದ್ರಿ. ಆ ಮಗು ಕೂಡ. ಅಷ್ಟು ಕಷ್ಟಪಡ್ತಿರೋರಿಗೆ, ಇದರಿಂದಾನೇ ನನಗೆ ನಿದ್ದೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮನೆಗೆ ಬಂದಾಗ ನಿಮ್ಮ ಮಗ ಗೇಟಿನ ಹತ್ತಿರವೇ ನಿಂತಿದ್ದರು. ನೀವು ಕೈಕಾಲು ತೊಳೆಯಲು ಹೋದಾಗ ಎಲ್ಲ ಹೇಳಿದೆ. "ಅಂದ್ರೆ ಅಪ್ಪನಿಗೆ ಏನೂ ಆಗಿಲ್ವಾ?" ಎಂದು ಮೂರು ಸಲ ಕೇಳಿದರು. ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದರು. ಆಮೇಲೆ ಒಬ್ಬರೇ ನಿಮ್ಮ ಮಂಚವನ್ನು ಎಳೆಯತೊಡಗಿದರು. ಬಾಗಿಲಿಗೆ ಬಡಿಯಿತು, ಗೋಡೆಗೆ ಬಡಿಯಿತು, ಧಡಾರ್ ಎಂದು ಹಜಾರದಲ್ಲಿ ಇಳಿಯಿತು. ಯಾರೂ "ಶ್" ಅನ್ನಲಿಲ್ಲ. ಗಿಣಿ ಮಾತ್ರ ಕೋಣೆಯ ಬಾಗಿಲಲ್ಲಿ ಕಣ್ಣರಳಿಸಿ ನಿಂತಿದ್ದಳು. ಇನ್ಮೇಲೆ ಜೋರಾಗಿ ಮಾತಾಡಬಹುದು ಎಂದರೆ ಅವಳಿಗೆ ನಂಬಿಕೆಯೇ ಇಲ್ಲ. "ನಿಜವಾಗ್ಲೂ? ಕಿರುಚ್ಲಾ?" ಎಂದು ನನ್ನ ಮುಖವನ್ನೇ ನೋಡಿದಳು.

ಪಾಠವನ್ನು ಗಟ್ಟಿಯಾಗಿ ಓದು ಎಂದೆ. ವಿಜ್ಞಾನದ ಪುಸ್ತಕ ತಂದು ನಿಮ್ಮ ಕಾಲ ಬಳಿ ಕೂತು ಜೀರ್ಣಕ್ರಿಯೆಯ ಪಾಠ ಶುರುಮಾಡಿದಳು, ನಾನು ಈಚೆ ಪಾತ್ರೆ ತೊಳೆಯುತ್ತಿದ್ದೆ. ಆಹಾರ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಬರುವಷ್ಟರಲ್ಲಿ ನೀವು ನಿದ್ದೆಹೋಗಿದ್ದಿರಿ. ನಿಮ್ಮ ಮಗ ಇನ್ನೂ ಸಹಾಯ ಮಾಡೋಣವೆಂದು ಫೋನಿನಲ್ಲಿ ಯಾವುದೋ ಹೊಡೆದಾಟದ ದೃಶ್ಯ ಹಾಕಿ ನಿಮ್ಮ ತಲೆಯ ಬಳಿ ಇಟ್ಟರಲ್ಲ, ನೀವು ಕಣ್ಣು ಮುಚ್ಚಿಕೊಂಡೇ "ಅದನ್ನ ನಿಲ್ಸೋ, ಮಗು ಓದ್ತಿರೋದು ಕೇಳಿಸ್ತಿಲ್ಲ" ಎಂದು ಗದರಿದ್ದು ನಿಮಗೆ ನೆನಪಿರಲಿಕ್ಕಿಲ್ಲ. ಅಂದಿನಿಂದ ಅವಳ ಓದೂ ಸುಧಾರಿಸಿದೆ. ಅದು ನಿಮ್ಮ ಪುಣ್ಯ.

ಪರೀಕ್ಷೆಯ ದಿನ ಬರುವ ಹೊತ್ತಿಗೆ ನೀವು ಬೇರೆಯೇ ಮನುಷ್ಯರಾಗಿದ್ದಿರಿ. ಡಾಕ್ಟರು ತೋರಿಸಿದ ಚಿತ್ರಗಳನ್ನೆಲ್ಲ ಸರಸರ ಹೇಳಿ, ಕೊನೆಗೆ ಅವರ ಗೋಡೆಯ ಕ್ಯಾಲೆಂಡರಿನ ಅಚ್ಚಿನಲ್ಲಿ ಕೆಂಪು ಬಣ್ಣ ಸ್ವಲ್ಪ ಪಕ್ಕಕ್ಕೆ ಬಿದ್ದಿದೆಯೆಂದು ತಪ್ಪು ಹುಡುಕಿದಿರಿ. "ಇವರನ್ನ ಯಾಕ್ರೀ ಕರ್ಕೊಂಡು ಬಂದ್ರಿ?" ಎಂದು ಡಾಕ್ಟರು ನಕ್ಕರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಿಮ್ಮ ಮಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಗಿತ್ತು. ಆ ಬೀಗ ಕೀಲಿಕೈ ಸಮೇತ ತಂದ ಅಂಗಡಿಗೇ ವಾಪಸಾಯಿತು. ಗೇಟಿನ ಬೀಗದ ಸಂಗತಿ ನಿಮಗೆ ಯಾರೂ ಹೇಳಿರಲಿಲ್ಲ. ಈಗ ನಾನು ಹೇಳಿದ್ದೇನೆ, ಮಗನನ್ನು ಬೈಯಬೇಡಿ. ಹೆದರಿದ್ದರು, ಅಷ್ಟೇ.

ಇನ್ನು ಕೊನೆಗೆ ಹೇಳುತ್ತೇನೆಂದ ಮಾತು.

ಮೊನ್ನೆ ರಜೆಯ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಗಿಣಿ ಶಾಲೆಗೆ, ಇವರು ಕೆಲಸಕ್ಕೆ. ಸುಮ್ಮನೆ ಕಾಲು ಥಿಯೇಟರಿನ ಕಡೆ ನಡೆಯಿತು. ಟಿಕೆಟ್ ಕೊಡುವ ಹುಡುಗಿ, "ಕೊಡೆ ತಾತ ಎಲ್ಲಕ್ಕ?" ಎಂದು ವಿಚಾರಿಸಿದಳು. ಈಗ ಓಡುತ್ತಿರುವುದೂ ಉದ್ದದ ಸಿನಿಮಾವೇ, ಮನೆಮಂದಿಯ ತಮಾಷೆಯ ಕಥೆ. ಮೊದಲ ಸಲ ಒಬ್ಬಳೇ, ಯಾರ ಮೇಲೂ ಕಣ್ಣಿಡದೆ, ಯಾರಿಗೂ ಹೆದರದೆ ಕೂತೆ. ವಿರಾಮ ಕಳೆದ ಮೇಲೆ ಒಂದು ದೊಡ್ಡ ನಗುವಿನ ದೃಶ್ಯ ಬಂತು. ಎಲ್ಲರೂ ಹೋ ಎಂದು ನಕ್ಕರು, ನಕ್ಕು ಸುಮ್ಮನಾದರು. ಆಗ ಹಿಂದಿನಿಂದ ಯಾರೋ ಹೆಂಗಸು ಒಬ್ಬರೇ ತಡವಾಗಿ ನಕ್ಕರು, ಈಗಷ್ಟೇ ಅರ್ಥವಾದವರ ಹಾಗೆ.

ನಮ್ಮತ್ತೆ ಹಾಗೇ ನಗುತ್ತಿದ್ದರಲ್ಲ ಮಾವ. ಊಟಕ್ಕೆ ಕೂತಾಗ ನಿಮ್ಮ ಮಗ ಏನೋ ತಮಾಷೆ ಹೇಳಿ, ಎಲ್ಲರೂ ನಕ್ಕು, ಬೇರೆ ಮಾತಿಗೆ ಹೋಗಿರುತ್ತಿದ್ದೆವು. ಅತ್ತೆ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ, "ಓಹೋ ಹಂಗಾ!" ಎಂದು ಒಬ್ಬರೇ ನಗಲು ಶುರುಮಾಡುತ್ತಿದ್ದರು. ಅವರು ನಕ್ಕಿದ್ದು ನೋಡಿ ನಾವು ಮತ್ತೊಂದು ಸಲ ನಗುತ್ತಿದ್ದೆವು. ಆ ಮತ್ತೊಂದು ನಗುವೇ ನಮ್ಮ ಮನೆಯಲ್ಲಿ ಇಷ್ಟು ದಿನ ಇರಲಿಲ್ಲ.

ಅತ್ತೆ ಹೋದ ಮೇಲೆ ನಾನು ಅತ್ತಿರಲಿಲ್ಲ. ನಿಮ್ಮ ಮಗ ಅತ್ತಾಗ ನೀರು ಕೊಟ್ಟೆ, ಮಗಳು ಅತ್ತಾಗ ಬೆನ್ನು ಸವರಿದೆ, ಬಂದುಹೋಗುವವರಿಗೆ ಚಾಪೆ ಹಾಸಿದೆ. ಆಮೇಲೆ ನಿಮ್ಮ ಕಾವಲು. ಸೊಸೆ ತಾನೇ, ಅವಳಿಗೇನು ಎಂದು ಯಾರೂ ಅಂದುಕೊಳ್ಳಲಿಲ್ಲ, ನಾನೇ ಅಂದುಕೊಂಡಿರಬಹುದು. ನನಗೆ ಹೊಲಿಗೆ ಬರುವುದಿಲ್ಲವೆಂದು ನನ್ನ ರವಿಕೆಗಳನ್ನೆಲ್ಲ ತಾವೇ ಹೊಲಿದುಕೊಟ್ಟವರು ಅತ್ತೆ, ಹೆರಿಗೆಯ ನೋವಿನಲ್ಲಿ ನಾನು ಹಿಡಿದುಕೊಂಡದ್ದು ಅವರ ಕೈಯನ್ನು. ಮೊನ್ನೆ ಆ ಯಾರದೋ ನಗು ಕೇಳಿ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ. ಸುತ್ತ ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸಿನಿಮಾ ಉದ್ದವಿದ್ದದ್ದು ಒಳ್ಳೆಯದಾಯಿತು, ಅತ್ತು ಮುಗಿಸಲು ಹೊತ್ತು ಸಿಕ್ಕಿತು. ಆಮೇಲೆ ಮುಖ ಒರೆಸಿಕೊಂಡು ಉಳಿದ ಕಥೆಯನ್ನೂ ನೋಡಿದೆ, ಎರಡು ಸಲ ಜೋರಾಗಿ ನಕ್ಕೆ ಕೂಡ. ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮೈಯೆಲ್ಲ ಹಗುರ, ಜ್ವರ ಬಿಟ್ಟ ಮೇಲೆ ಆಗುತ್ತದಲ್ಲ, ಹಾಗೆ. ಚೆನ್ನಾಗಿ ಹಸಿವೂ ಆಗಿತ್ತು.

ಇದನ್ನು ನಿಮ್ಮ ಮಗನಿಗೆ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕೆನ್ನಿಸಿತು. ನಿಮಗೆ ಅರ್ಥವಾಗುತ್ತದೆ.

ನಿಮ್ಮ ಮಗಳು ಫೋನ್ ಮಾಡಿ, ನಿಮ್ಮ ಗೊರಕೆಗೆ ಪಕ್ಕದ ಮನೆಯವರೂ ಏಳುತ್ತಿದ್ದಾರೆಂದು ದೂರು ಹೇಳಿದರು. ಹೇಳುವಾಗ ಅವರ ದನಿಯಲ್ಲಿದ್ದ ಸಂತೋಷ ನಿಮಗೆ ಕೇಳಿಸಬೇಕಿತ್ತು. ಅವರ ಕಪಾಟುಗಳಿಗೆ ಆತುರ ಬೇಡ, ಏಣಿ ಹತ್ತುವಾಗ ಯಾರಾದರೂ ಹಿಡಿದುಕೊಂಡಿರಲಿ. ದೂರದ ಕನ್ನಡಕ ಹಾಕಿಕೊಳ್ಳಿ. ಕೆಲಸ ಮುಗಿದ ದಿನ ಒಂದು ಫೋನ್ ಮಾಡಿ, ನಾವು ಮೂವರೂ ರೈಲ್ವೆ ಸ್ಟೇಷನ್ನಿಗೆ ಬರುತ್ತೇವೆ. ನೀವು ಎಲ್ಲೇ ತಲೆಯಿಟ್ಟರೂ ತಡವಿಲ್ಲದೆ ಕಣ್ಣು ಹತ್ತಲಿ, ಬೆಳಗಾಗುವವರೆಗೆ ಎಚ್ಚರವಾಗದಿರಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಹೀಗೇ ಇರಲಿ.

ನಿಮ್ಮ ಮನೆಯ ಮಗಳೇ ಆಗಿಹೋಗಿರುವ,
ಸೊಸೆ